ಗಂಡಸರು ಕೂತರೆ ಸುಮ್ಮನಾಗುವ ಕಾರು

ನನ್ನ ಹಳೆಯ ಕಾರಿಗೆ ಗಂಡಸರೆಂದರೆ ಭಯವಿತ್ತೋ ಭಕ್ತಿಯಿತ್ತೋ, ಬಹಳ ಕಾಲ ನನಗೆ ತಿಳಿಯಲೇ ಇಲ್ಲ. ನಾನೊಬ್ಬಳೇ ಓಡಿಸುವಾಗ ಮುಂದಿನ ಎಡಚಕ್ರದ ಹತ್ತಿರ ಕಟಕಟ ಎಂದು ಹಲ್ಲು ಕಡಿಯುತ್ತಿತ್ತು. ಬ್ರೇಕು ಒತ್ತಿದರೆ ಸಾಕು, ಎಡಗಡೆಯ ಬೇಲಿಯನ್ನು ಹುಡುಕಿಕೊಂಡು ಹೋಗುತ್ತಿತ್ತು. ಅದೇ ಯಾರಾದರೂ ಗಂಡಸರು ಪಕ್ಕದಲ್ಲಿ ಬಂದು ಕೂತರೋ, ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿಕೊಂಡು ನೆಟ್ಟಗೆ ನಡೆಯುತ್ತಿತ್ತು.

ಇದು ಐವತ್ತರ ದಶಕದ ಮಾತು. ಆಗ ನಾನು ಹುಣಸೂರಿನಲ್ಲಿ ಹೆರಿಗೆ ಡಾಕ್ಟರು. ಪಿರಿಯಾಪಟ್ಟಣ, ಕೋಟೆ, ಸರಗೂರು ಎಂದು ಕರೆದ ಕಡೆಗೆಲ್ಲ ಓಡಬೇಕು. ಆ ರಸ್ತೆಗಳಿಗೆ ರಸ್ತೆ ಎಂದು ಹೆಸರಿಟ್ಟವರು ಅವುಗಳ ಮೇಲೆ ಎಂದೂ ಹೋಗಿರಲಿಕ್ಕಿಲ್ಲ. ಹೆಂಗಸು ಕಾರು ಓಡಿಸುವುದನ್ನು ನೋಡಲು ಹೊಲದಲ್ಲಿ ಜನ ನೇಗಿಲು ನಿಲ್ಲಿಸುತ್ತಿದ್ದರು. ಎತ್ತುಗಳೂ ನೋಡುತ್ತಿದ್ದವು. ಅವು ಮಾತ್ರ ಸಲಹೆ ಕೊಡುತ್ತಿರಲಿಲ್ಲ.

ಮೊದಲ ಸಲಹೆ ಬಂದದ್ದು ಅಣ್ಣನಿಂದ. ಪಿರಿಯಾಪಟ್ಟಣದಲ್ಲಿ ಅವನಿಗೆ ಹೊಗೆಸೊಪ್ಪಿನ ವ್ಯಾಪಾರ. ಕಾರನ್ನು ನನಗೆ ಕೊಟ್ಟವನು ಅವನೇ, ಆದರೆ ಅದರ ಬಗ್ಗೆ ಮಾತಾಡುವ ಹಕ್ಕನ್ನು ಕೊಟ್ಟಿರಲಿಲ್ಲ. ಸದ್ದು ಕೇಳಿಸುತ್ತೇನೆ ಬಾ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆ ಹೋದೆ. ಅಣ್ಣ ಉಂಡುಟ್ಟು ಸುಖವಾಗಿದ್ದ ಆಳು. ಅವನು ಕೂತ ಭಾರಕ್ಕೆ ಕಾರು ಒಂದು ಸಲ ನಿಟ್ಟುಸಿರು ಬಿಟ್ಟಿತು, ಆಮೇಲೆ ತುಟಿ ಬಿಚ್ಚಲಿಲ್ಲ.

"ಎಲ್ಲೇ ನಿನ್ನ ಕಟಕಟ? ಸ್ಟೇರಿಂಗನ್ನ ನೀರಿನ ಕೊಡ ಹಿಡ್ದಂಗೆ ತಬ್ಕೊಂಡಿದ್ರೆ ಎಳೀದೆ ಇನ್ನೇನು ಮಾಡ್ತದೆ? ಡ್ರೈವರ್ ಒಬ್ಬನ್ನ ಇಟ್ಕೊ," ಎಂದ.

ಎರಡನೆಯವರು ಕೃಷ್ಣರಾಜನಗರದ ಅಕ್ಕಿ ಗಿರಣಿಯ ಸಾಹುಕಾರರು. ಹೆಂಡತಿಯನ್ನು ತೋರಿಸಲು ಬಂದವರು ಕಾರನ್ನೂ ನೋಡಿ ಹೋಗುತ್ತೇನೆಂದು ಉಪಕಾರ ಮಾಡಿದರು. ಅವರು ಕೂತಾಗಲೂ ಕಾರು ಮೌನಗೌರಿ. ಇಳಿಯುವಾಗ ಅವರು ನನಗೇನೂ ಹೇಳಲಿಲ್ಲ, ಆಕಾಶಕ್ಕೆ ಹೇಳಿದರು: "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

ಆ ಗಾದೆಯ ಮೇಲೆ ನನಗೆ ಅವತ್ತಿನಿಂದ ಹಗೆ. ನೆಲ ನಿಜವಾಗಿಯೂ ಡೊಂಕಾಗಿದ್ದರೆ ಕುಣಿಯುವವಳು ಏನು ಮಾಡಬೇಕು ಎಂಬುದನ್ನು ಗಾದೆ ಮಾಡಿದ ಪುಣ್ಯಾತ್ಮ ಯೋಚಿಸಲೇ ಇಲ್ಲ. ಪುರಾಣ ಕಾಲದಲ್ಲಿ ಒಬ್ಬ ರಾಣಿ ಇದ್ದಳಂತೆ. ಯುದ್ಧದ ನಡುವೆ ಗಂಡನ ರಥದ ಕಡಾಣಿ ಬಿದ್ದುಹೋದಾಗ ತನ್ನ ಬೆರಳನ್ನೇ ತೂರಿಸಿ ಚಕ್ರ ಕಳಚದಂತೆ ಹಿಡಿದಳಂತೆ. ನಮ್ಮ ದೇಶದಲ್ಲಿ ಗಾಡಿ ರಿಪೇರಿ ಶುರುವಾದದ್ದೇ ಹೆಂಗಸಿನ ಕೈಯಿಂದ. ಆಕೆಗೆ ಎರಡು ವರ ಸಿಕ್ಕಿತು. ನನಗೆ ಸಿಕ್ಕಿದ್ದು ಗ್ರೀಸು. ಹುಣಸೂರಿನ ಕರೀಂ ಮೇಸ್ತ್ರಿಯ ಹತ್ತಿರ ಹೋದಾಗಲೆಲ್ಲ ಅವರು ಪಕ್ಕದಲ್ಲಿ ಕೂತು ಬರುತ್ತಿದ್ದರು, ಸ್ಟೇರಿಂಗು ಅಲ್ಲಾಡಿಸುತ್ತಿದ್ದರು, "ಆವಾಜೇ ಇಲ್ವಲ್ಲ ಡಾಕ್ಟ್ರಮ್ಮ," ಎಂದು ಮರ್ಯಾದೆಗಾಗಿ ಒಂದಷ್ಟು ಗ್ರೀಸು ತುಂಬಿ ಕಳಿಸುತ್ತಿದ್ದರು.

ಇಷ್ಟೇ ಆಗಿದ್ದರೆ ನಾನೂ ಹಲ್ಲು ಕಚ್ಚಿಕೊಂಡು ಕಾರಿನ ಜೊತೆ ಕಟಕಟ ಎನ್ನುತ್ತಿದ್ದೆನೇನೋ. ಆದರೆ ಅಂತರಸಂತೆಯ ಆಚೆಯ ಹಳ್ಳಿಯಲ್ಲಿ ಶಿವಮ್ಮ ಎಂಬ ಹುಡುಗಿ ಇದ್ದಳು. ಅವಳ ಸೊಂಟದ ಎಲುಬು ಬಹಳ ಕಿರಿದು. ಚೊಚ್ಚಲ ಮಗು ಆಸ್ಪತ್ರೆ ಮುಟ್ಟುವ ಮೊದಲೇ ಎತ್ತಿನ ಗಾಡಿಯಲ್ಲಿ ಹೋಗಿಬಿಟ್ಟಿತ್ತು. ಈಗ ಮತ್ತೆ ತುಂಬು ಬಸುರಿ. ನೋವು ಕಾಣಿಸುವ ಮೊದಲೇ ಮೈಸೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು, ಇಲ್ಲವಾದರೆ ಈ ಸಲ ತಾಯಿಯೂ ಉಳಿಯುವುದಿಲ್ಲ ಎಂದು ನಾನು ಅವಳ ಅತ್ತೆ ನಂಜಮ್ಮನಿಗೆ ಬಿಡಿಸಿ ಹೇಳಿದ್ದೆ. ನನ್ನ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆಂದೂ ಹೇಳಿದ್ದೆ.

ನಂಜಮ್ಮ ಜಗಲಿಯಿಂದ ಏಳಲಿಲ್ಲ. ನಾನು ಬರುವಾಗಲೆಲ್ಲ ಆಕೆ ಕಾರನ್ನು ಗಮನಿಸಿದ್ದಳು. ಒಮ್ಮೆ ಅವಳ ಕಣ್ಣೆದುರಿಗೇ ಅದು ಕತ್ತಾಳೆ ಮೆಳೆಗೆ ಮೂತಿ ತೂರಿಸಿತ್ತು.

"ಆಸ್ಪತ್ರೆ ಬ್ಯಾಡ ಅನ್ನಕಿಲ್ಲ ಕಣವ್ವ. ಆ ಕಾರ್ಗೆ ಮಾತ್ರ ನನ್ ಸೊಸೇನ ಅತ್ತುಸಕಿಲ್ಲ. ಒಂದ್ ಕೂಸ್ನ ಗಾಡಿ ತಿಂತು. ಇನ್ನೊಂದ ಬೇಲಿ ಪಾಲು ಮಾಡಕ್ ಆಯ್ತದಾ? ನಿಮ್ಗೆ ಓಡ್ಸಕ್ ಬರಕಿಲ್ಲ, ಬುಡಿ."

ಇವಳೂ ಸೇರಿಕೊಂಡಳಲ್ಲ ಎಂದು ನನಗೆ ಅಳುವೇ ಬಂತು. ಸಿಟ್ಟು ಮಾಡಿಕೊಳ್ಳುವಂತೆಯೂ ಇರಲಿಲ್ಲ. ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು?

ಆ ದಿನ ವಾಪಸು ಬರುವಾಗ ದಾರಿಯಲ್ಲಿ ನಾನು ಹೆರಿಗೆ ಮಾಡಿಸಿದ್ದ ಬಾಣಂತಿಯೊಬ್ಬಳ ಮನೆಯವರು ಕಾರು ನಿಲ್ಲಿಸಿ ಒಂದು ಮೂಟೆ ರಾಗಿ ತಂದು ನನ್ನ ಪಕ್ಕದ ಎಡಗಡೆಯ ಸೀಟಿನಲ್ಲಿ ಕೂರಿಸಿದರು. ಬೇಡವೆಂದರೆ ಕೇಳುವವರಲ್ಲ. ಹೊರಟೆ. ಒಂದು ಫರ್ಲಾಂಗು ಹೋದ ಮೇಲೆ ಏನೋ ಕಳೆದುಕೊಂಡ ಹಾಗಾಯಿತು. ಕಟಕಟ ಇರಲಿಲ್ಲ. ಬ್ರೇಕು ಒತ್ತಿದೆ. ಕಾರು ನೆಟ್ಟಗೆ ನಿಂತಿತು. ಹಾಗಾದರೆ ರಾಗಿ ಮೂಟೆಗೂ ಕಾರು ಓಡಿಸಲು ಬರುತ್ತದೆ! ನನ್ನ ಅಣ್ಣನಿಗೂ ಗಿರಣಿ ಸಾಹುಕಾರರಿಗೂ ಇದ್ದ ವಿದ್ಯೆಯೆಲ್ಲ ಆ ಮೂಟೆಗೂ ಇತ್ತು: ತೂಕ.

ನನಗೆ ನನ್ನ ಕಸುಬು ನೆನಪಾಯಿತು. ನಡೆದರೆ ನೋವು ಎನ್ನುವ ರೋಗಿಯನ್ನು ಮಲಗಿಸಿ ಎಷ್ಟು ಪರೀಕ್ಷೆ ಮಾಡಿದರೂ ಪ್ರಯೋಜನವಿಲ್ಲ, ನಡೆಸಿಯೇ ನೋಡಬೇಕು. ನೇರ ಕರೀಂ ಮೇಸ್ತ್ರಿಯ ಷೆಡ್ಡಿಗೆ ಹೋದೆ. ಮೇಸ್ತ್ರಿ ಅಭ್ಯಾಸಬಲದಿಂದ ಬಾಗಿಲು ತೆಗೆದು ಕೂರಲು ಬಂದರು.

"ನೀವು ಕೂರಬೇಡಿ. ರಸ್ತೆಯಲ್ಲಿ ನಿಂತು ಕೇಳಿ," ಎಂದೆ.

ಮೂಟೆ ಇಟ್ಟುಕೊಂಡು ಒಂದು ಸಲ ಅವರ ಮುಂದೆ ಹಾದುಹೋದೆ, ಇಳಿಸಿ ಇನ್ನೊಂದು ಸಲ ಹೋದೆ. ಎರಡನೆಯ ಸಲ ಕಾರು ತನ್ನ ಕಷ್ಟವನ್ನೆಲ್ಲ ತೋಡಿಕೊಂಡಿತು. ಮೇಸ್ತ್ರಿ ಟೋಪಿ ತೆಗೆದಿಟ್ಟು ಕೆಳಗೆ ತೂರಿದರು. ಹೊರಗೆ ಬಂದಾಗ ಮುಖ ಸಣ್ಣಗಾಗಿತ್ತು.

"ಎಡಗಡೆ ಪಟ್ಟೆ ಇದೆಯಲ್ಲ ಅಮ್ಮ, ಸ್ಪ್ರಿಂಗು, ಅದರ ನಡುವಿನ ಬೋಲ್ಟು ಮುರಿದೈತೆ. ಬಿಗಿಯೋ ಕ್ಲಾಂಪೂ ಸಡಿಲ. ಬ್ರೇಕ್ ಹೊಡೆದ್ರೆ ಅಚ್ಚು ಹಿಂದಕ್ಕೆ ಜಾರ್ತದೆ, ಗಾಡಿ ಎಡಕ್ಕೆ ಎಳೀತದೆ. ಮೇಲೆ ಭಾರ ಬಿದ್ರೆ ಒತ್ಕೊಂಡು ಸುಮ್ನಿರ್ತದೆ. ಇಂಗೇ ಓಡ್ಸಿದ್ರೆ ಒಂದಿನ ಅಚ್ಚೇ ಬಿಟ್ಟೋಗ್ತಿತ್ತು."

ನಾನು ಅಣ್ಣನಿಗೆ ಹೇಳಬೇಕೆಂದಿದ್ದ ಮಾತುಗಳನ್ನೆಲ್ಲ ಪಾಪ ಮೇಸ್ತ್ರಿಗೆ ಹೇಳಿದೆ. ಇಷ್ಟು ದಿನ ಎಲ್ಲರೂ ಕಾರನ್ನು ಬಿಟ್ಟು ನನ್ನನ್ನೇ ರಿಪೇರಿ ಮಾಡಲು ಹೊರಟಿದ್ದಿರಲ್ಲ ಎಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಪಟ್ಟೆಗಳನ್ನೆಲ್ಲ ಬಿಚ್ಚಿ, ಹೊಸ ಬೋಲ್ಟು ಹಾಕಿ, ಕ್ಲಾಂಪು ಬಿಗಿದು, ಅಚ್ಚನ್ನು ಅದರ ಜಾಗಕ್ಕೆ ಕೂರಿಸಿ ಕೊಟ್ಟರು. ಗ್ರೀಸು ಹಾಕಲು ಧೈರ್ಯ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಒಬ್ಬಳೇ ಹೋದೆ. ನಂಜಮ್ಮ ಊರ ಮುಂದೆ ನಿಂತು ಕಾರು ಬರುವುದನ್ನು ನೋಡಿದಳು, ಕಿವಿಗೊಟ್ಟು ಕೇಳಿದಳು. ಹಳ್ಳದ ಹತ್ತಿರ ಬ್ರೇಕು ಒತ್ತಿಸಿ ನೋಡಿದಳು. ಆಮೇಲೆ ಒಳಗೆ ಹೋಗಿ ಸೊಸೆಯ ಕೈಹಿಡಿದು ಕರೆತಂದು ಹಿಂದಿನ ಸೀಟಿನಲ್ಲಿ ಮಲಗಿಸಿದಳು. ತಾನು ನನ್ನ ಪಕ್ಕದಲ್ಲಿ ಕೂತಳು.

ಮೈಸೂರಿನ ದಾರಿಗೆ ಬಿದ್ದ ಮೇಲೆ ನಂಜಮ್ಮ ಎಲೆಯಡಿಕೆ ಮಡಿಸುತ್ತ, ಮೆಚ್ಚಿಕೆಯಿಂದಲೇ, "ಪರ್ವಾಗಿಲ್ಲ ಕಣವ್ವ. ಅಂತೂ ಈಗ ಓಡ್ಸಾದು ಕಲ್ತ್ಕಂಡ್ರಿ," ಎಂದಳು.

ಮುರಿದ ಬೋಲ್ಟು, ಸಡಿಲ ಕ್ಲಾಂಪು, ಜಾರಿದ ಅಚ್ಚು ಎಲ್ಲ ಒಟ್ಟಿಗೇ ನನ್ನ ಗಂಟಲಿಗೆ ಬಂದವು. ಬಾಯಿ ತೆರೆಯುವ ಮೊದಲು ಕನ್ನಡಿಯಲ್ಲಿ ಹಿಂದಿನ ಸೀಟು ಕಂಡಿತು. ಹತ್ತುವಾಗ ಎರಡು ಕೈಯಲ್ಲೂ ಸೀಟಿನ ಅಂಚು ಹಿಡಿದುಕೊಂಡಿದ್ದ ಶಿವಮ್ಮ ಹೊಟ್ಟೆಯ ಮೇಲೊಂದು ಕೈ ಇಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದಳು.

"ಹೌದು ನಂಜಮ್ಮ, ಕಲಿತೆ," ಎಂದೆ, ಶಿವಮ್ಮನಿಗೆ ಎಚ್ಚರವಾಗದ ಹಾಗೆ.