ನೀರುನಾಯಿ ಏನು ತಿಂದಿತ್ತು

ಹೊಸಪೇಟೆಯ ನಮ್ಮ ಪದವಿ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಕೊನೆಯ ವರ್ಷದವರ ಪ್ರಾಜೆಕ್ಟಿಗೆ ಸಾಮಾನ್ಯವಾಗಿ ನಾನೇ ವಿಷಯ ಸೂಚಿಸಬೇಕು. ಒಂದು ವರ್ಷ ಮಾತ್ರ, ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ತನ್ನ ವಿಷಯವನ್ನು ತಾನೇ ತಂದಳು.

"ಮೇಡಂ, ನಮ್ಮ ಹೊಳ್ಯಾಗಿನ ನೀರ್‌ನಾಯಿ ಏನು ತಿಂತಾವ ಅಂತ ನೋಡ್ತೀನ್ರಿ."

ಅವಳ ಅಪ್ಪ ಹರಿಗೋಲಿನಲ್ಲಿ ತುಂಗಭದ್ರೆಗಿಳಿದು ಮೀನು ಹಿಡಿಯುವವರು. ಬಲೆ ಹರಿದಾಗಲೆಲ್ಲ ಮನೆಯಲ್ಲಿ ನೀರುನಾಯಿಗೆ ಶಾಪ. ಇವಳೋ ಬಂಡೆಗಳ ಮೇಲೆ ಅವುಗಳ ಮರಿಗಳು ಉರುಳಾಡುವುದನ್ನು ನೋಡುತ್ತ ಬೆಳೆದವಳು. ಅವು ಏಡಿ, ಸಣ್ಣ ಮೀನು ತಿಂದೇ ಬದುಕುತ್ತವೆ, ಮಾರುವಂಥ ದೊಡ್ಡ ಮೀನಿನ ತಂಟೆಗೆ ಬರುವುದಿಲ್ಲ ಎಂದು ಅಪ್ಪನಿಗೆ ತೋರಿಸಿಕೊಡಬೇಕೆಂಬುದು ಅವಳ ಹಟ.

ಅರಣ್ಯ ಇಲಾಖೆಯ ಅನುಮತಿ ಸಿಕ್ಕ ಮೇಲೆ ಕೆಲಸ ಶುರುವಾಯಿತು. ಬಂಡೆಗಳ ಮೇಲೆ ಬಿದ್ದ ನೀರುನಾಯಿಯ ಹಿಕ್ಕೆಯನ್ನು ಡಬ್ಬಿಯಲ್ಲಿ ತುಂಬಿ ತರುತ್ತಿದ್ದಳು. ಚಹಾ ಸೋಸುವ ಜರಡಿಯಲ್ಲಿ ತೊಳೆದು, ಉಳಿದ ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರುಗಳನ್ನು ಬೇರೆ ಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಇಡುವುದು. ಆ ವಾಸನೆಗೆ ಪಕ್ಕದ ಇತಿಹಾಸ ತರಗತಿಯವರು ಕಿಟಕಿ ಮುಚ್ಚಿಕೊಂಡರು. ಗೆಳತಿಯರು ಮೂಗಿಗೆ ದುಪಟ್ಟಾ ಕಟ್ಟಿಕೊಂಡರು. ಇವಳು ಕಟ್ಟಿಕೊಳ್ಳಲಿಲ್ಲ. ಮೀನು ಮಾರುವವರ ಮನೆಯವಳಿಗೆ ಇದ್ಯಾವ ವಾಸನೆ ಎಂದು ನಕ್ಕಳು.

ಮಳೆಗಾಲದಲ್ಲೂ ಚಳಿಗಾಲದಲ್ಲೂ ಎಲ್ಲ ಅವಳೆಣಿಸಿದಂತೆಯೇ ಬಂತು: ಏಡಿ, ಸಣ್ಣ ಜಿಲೇಬಿ ಮೀನು, ಮತ್ತೆ ಏಡಿ. ಅವಳ ಮುಖ ಅರಳಿತ್ತು. ಆದರೆ ಬೇಸಿಗೆಯಲ್ಲಿ ಹೊಳೆ ಬತ್ತಿ, ಮೀನೆಲ್ಲ ಮಡುಗಳಲ್ಲಿ ಸೇರಿಕೊಂಡಾಗ, ಗಾಜಿನ ಮೇಲೆ ಅಗಲವಾದ ಹುರುಪೆಗಳು ಕಾಣಿಸತೊಡಗಿದವು. ದೊಡ್ಡ ಮೀನಿನವು. ಮೊದಲ ದಿನ ಅವಳು ನಂಬಲಿಲ್ಲ. ಆಮೇಲೆ ದಿನಾ ಅವೇ.

ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಬ್ಯಾಸಗಿದು ಬಿಟ್ಟು ಬರದ್ರ ನಡೀತದೇನ್ರಿ, ಮೇಡಂ?"

"ನಿನಗೇನ ಅನಸ್ತದ?"

ನಾನು ಮತ್ತೇನೂ ಹೇಳಲಿಲ್ಲ. ಹೇಳದೆ ಸುಮ್ಮನಿರುವುದು ಅವತ್ತು ನನಗೆ ಕಷ್ಟವಾಗಿತ್ತು. ಮರುದಿನ ಬೆಳಗ್ಗೆ ಎರಡು ಹಾಳೆ ತಂದಳು. ಒಂದರಲ್ಲಿ ಮಳೆ-ಚಳಿಗಾಲದಲ್ಲಿ ನೀರುನಾಯಿ ತಿಂದದ್ದರ ಚಿತ್ರ, ಇನ್ನೊಂದರಲ್ಲಿ ಬೇಸಿಗೆಯದು. ಬೇಸಿಗೆಯದನ್ನು ಇನ್ನೂ ದೊಡ್ಡದಾಗಿ ಬರೆದಿದ್ದಳು.

ಕಾಲೇಜಿನ ಸೆಮಿನಾರಿಗೆ ಮೊದಲು ಊರವರಿಗೆ ಹೇಳಬೇಕೆಂದಳು. ನಾನೂ ಜೊತೆಗೆ ಹೋದೆ. ಕಂಪ್ಲಿಯ ಹೊಳೆದಂಡೆಯಲ್ಲಿ, ಮಗುಚಿಟ್ಟ ಹರಿಗೋಲೊಂದಕ್ಕೆ ಹಾಳೆಗಳನ್ನು ಒರಗಿಸಿ ನಿಂತಳು. ಮೀನುಗಾರರು ಮರಳಿನಲ್ಲಿ ಕೂತಿದ್ದರು, ಅವರ ನಡುವೆ ಅವಳ ಅಪ್ಪನೂ. ಅವಳು ಮುಗಿಸುತ್ತಿದ್ದಂತೆ ಅಪ್ಪನೇ ಮೊದಲು ಬಾಯಿ ಬಿಟ್ಟರು.

"ಅಂದ್ರ, ಬ್ಯಾಸಗ್ಯಾಗ ನಮ್ಮ ಮೀನ ತಿಂತಾವ ಅಂತ ನೀನ ಒಪ್ಪಿದಂಗಾತು."

"ಹೌದಪ್ಪಾ. ತಿಂತಾವ."

ಯಾರೋ ನಕ್ಕರು. ಹಿರಿಯರೊಬ್ಬರು ಕೇಳಿದರು: "ಎಷ್ಟು ತಿಂತಾವವ್ವಾ? ನಾವು ಹಿಡಿಯೂದ್ರಾಗ ಅರ್ಧ ಹೊಕ್ಕೈತೇನು?"

ಆ ಪ್ರಶ್ನೆಗೆ ಏನಾದರೊಂದು ಹೇಳಿ ಪಾರಾಗುವುದು ಸುಲಭವಿತ್ತು.

"ಅದು ನನಗ ಗೊತ್ತಿಲ್ರಿ, ಕಾಕಾ. ಹಿಕ್ಕಿ ನೋಡಿದ್ರ ಏನು ತಿಂದಾವ ಅಂತ ಹೇಳಬಹುದು. ಎಷ್ಟು ತಿಂದಾವ ಅಂತ ಹೇಳಾಕ ಬರಂಗಿಲ್ಲ. ಅದಕ್ಕ ಬ್ಯಾರೆ ರೀತಿ ನೋಡಬೇಕು. ನೀವು ಬಲಿ ಎಳಿಯೂ ಮುಂದ ನಾನೂ ಬರ್ಲೇನ್ರಿ?"

ಇಷ್ಟು ವರ್ಷದ ಪಾಠದಲ್ಲಿ ರ‍್ಯಾಂಕು ಬಂದವರನ್ನು ಕಂಡಿದ್ದೇನೆ, ಬಹುಮಾನ ತಂದವರನ್ನೂ. ಆದರೆ ತನ್ನವರ ಮುಂದೆ, ತಾನು ಪ್ರೀತಿಸಿದ ಪ್ರಾಣಿಯ ವಿಷಯದಲ್ಲಿ, ನಡುಗದ ದನಿಯಲ್ಲಿ "ಗೊತ್ತಿಲ್ಲ" ಎಂದವಳನ್ನು ಕಂಡು ಹಿಗ್ಗಿದಷ್ಟು ಎಂದೂ ಹಿಗ್ಗಿರಲಿಲ್ಲ.

ಹಿರಿಯರು ಅವಳ ಅಪ್ಪನ ಕಡೆ ತಿರುಗಿ, "ನಿನ್ನ ಮಗಳು ಸುಳ್ಳು ಹೇಳಾಕಿ ಅಲ್ಲ ಬಿಡು," ಎಂದರು. ಅಪ್ಪ ಟವೆಲು ಕೊಡವಿಕೊಂಡು ಎದ್ದರು.

ಆ ಬೇಸಿಗೆಯಿಡೀ ಅವಳು ಅಪ್ಪನ ಹರಿಗೋಲಿನಲ್ಲೇ ಹೋಗಿ ಬಲೆಗೆ ಬಿದ್ದದ್ದನ್ನೂ ಹರಿದದ್ದನ್ನೂ ಬರೆದುಕೊಂಡಳು. ಪರೀಕ್ಷೆ ಮುಗಿದಿದ್ದರೂ ಬಿಡಲಿಲ್ಲ. ಈಗ ಬಳ್ಳಾರಿಯಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಅವಳ ಕೆಲಸವನ್ನು ಕಿರಿಯ ತರಗತಿಯವರು ಮುಂದುವರಿಸಿದ್ದಾರೆ.

ಹೋದ ತಿಂಗಳು ಅವಳ ಅಪ್ಪ ಫೋನ್ ಮಾಡಿದ್ದರು.

"ಮೇಡಮ್ಮಾರ, ಹೊಳ್ಯಾಗಿನ ಬಂಡಿ ಮ್ಯಾಲೆ ಹೊಸಾ ಹಿಕ್ಕಿ ಬಿದ್ದೈತ್ರಿ. ನಿಮ್ಮ ಹುಡುಗ್ಯಾರನ್ನ ಜಲ್ದಿ ಕಳಿಸ್ರಿ, ಬಿಸಲಿಗೆ ಒಣಗಿ ಹೊಕ್ಕೈತಿ."