ತುಂಬದ ನೂರು

ತಂಗಿಯ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಕೊಂಡ ಏಳುನೂರ ಐವತ್ತರ ಹಸಿರು ಸೀರೆ ನನಗೆ ಆರುನೂರಕ್ಕೆ ಬಿತ್ತು. ಶೇಕಡಾ ಇಪ್ಪತ್ತು ರಿಯಾಯಿತಿ ಎಂದರೆ ಅಷ್ಟೇ ಅಲ್ಲವೇ ಎನ್ನಬೇಡಿ. ಭಾಲ್ಕಿಯ ಆ ಬಟ್ಟೆ ಅಂಗಡಿಯವರು ಬೆರಳು ಮಡಚುತ್ತ ಬೆಲೆಯನ್ನು ನೂರು ನೂರಾಗಿ ಎಣಿಸಿ, ಪ್ರತಿ ನೂರಕ್ಕೆ ಇಪ್ಪತ್ತು ಬಿಡುತ್ತಿದ್ದರು. ಮಿಕ್ಕಿದ್ದಕ್ಕೆ ಏನೂ ಇಲ್ಲ. “ಮೊದ್ಲ ನೂರು ತುಂಬ್ಲಿ” ಎನ್ನುವುದೇ ಅವರ ಮಾತು.

ಔರಾದಿನ ಬಸ್ ಚಾರ್ಜು ತೆಗೆದಿಟ್ಟರೆ ನನ್ನ ಜೇಬಿನಲ್ಲಿದ್ದದ್ದು ಆರುನೂರೇ. ಅವರು ಕೇಳಿದ್ದು ಆರುನೂರ ಹತ್ತು.

“ನೂರಕ್ಕ ಇಪ್ಪತ್ತಾದ್ರ ಐವತ್ತಕ್ಕ ಹತ್ತಲ್ಲೇನ್ರಿ, ಸಾವಕಾರ್ರ?”

“ಅರ್ಧ ನೂರಿಗಿ ನಾ ಮಾತು ಕೊಟ್ಟಿಲ್ರಿ.”

ಪಕ್ಕದಲ್ಲಿ ಒಬ್ಬಾಕೆ ಅದೇ ಬೆಲೆಯ ಸೀರೆ ಹಿಡಿದು ನಿಂತಿದ್ದರು. “ಅಕ್ಕಾರ, ನಮ್ಮಿಬ್ಬರದೂ ಒಂದೇ ಬಿಲ್ ಮಾಡಸೋಣ್ರಿ” ಎಂದೆ. ಒಟ್ಟು ಸಾವಿರದ ಐನೂರಾಯಿತು. ಅಂಗಡಿಯವರು ಮತ್ತೆ ಬೆರಳು ಮಡಚಿ, “ಈಗ ನೋಡ್ರಿ, ಲೆಕ್ಕ ಅಂದ್ರ ಹಿಂಗಿರಬೇಕು!” ಎಂದು ಖುಷಿಯಿಂದ ಮುನ್ನೂರು ಬಿಟ್ಟರು.

ನಿಮ್ಮ ಬಿಲ್ಲೂ ಐವತ್ತರಲ್ಲಿ ನಿಂತರೆ ವಾದಕ್ಕಿಳಿಯಬೇಡಿ. ಇನ್ನೊಂದು ಐವತ್ತು ಯಾರ ಕೈಯಲ್ಲಿದೆ ಎಂದು ಅಂಗಡಿಯಲ್ಲಿ ಒಮ್ಮೆ ಕಣ್ಣಾಡಿಸಿ.