ದಾದಾನನ್ನು ಸಾಕಿದ ಕಂಪೌಂಡರ್ ಕಾಕಾ

ಕಂಪೌಂಡರ್ ಕಾಕಾ ಅವರ ಬಲಗಿವಿ ಎಡಗಿವಿಗಿಂತ ಕಪ್ಪಗಿತ್ತು, ಅಂಚು ಒರಟಾಗಿತ್ತು. ರೋಣದ ದನದ ದವಾಖಾನೆಯಲ್ಲಿ ಕೆಲಸ ಮಾಡಿದಷ್ಟು ವರ್ಷವೂ ಅವರು ಎತ್ತು, ಎಮ್ಮೆಗಳ ಹೊಟ್ಟೆಗೆ ಆ ಕಿವಿಯನ್ನೇ ಒತ್ತಿ ಒಳಗಿನ ಸದ್ದು ಕೇಳುತ್ತಿದ್ದರು. ಡಾಕ್ಟರು ಏನೇ ಹೇಳಲಿ, ರೈತರು ಕೊನೆಗೊಮ್ಮೆ ಕಾಕಾ ಅವರ ಮುಖ ನೋಡಿಯೇ ದನ ಹೊಡೆದುಕೊಂಡು ಹೋಗುತ್ತಿದ್ದರು.

ಅವರು ನನಗೆ ಸಂಬಂಧಿಕರಲ್ಲ, ನಮ್ಮ ಓಣಿಯವರು. ಅವರು ನಿವೃತ್ತರಾದ ವರ್ಷವೇ ನಾನು ಒಂದು ನಾಯಿ ತಂದೆ. ಗಜೇಂದ್ರಗಡ ರಸ್ತೆಯಲ್ಲಿದ್ದ ನನ್ನ ಶೇಂಗಾ ಗೋದಾಮಿನಲ್ಲಿ ಎರಡು ಸಲ ಕಳುವಾಗಿತ್ತು. ಉಳಿದ ವ್ಯಾಪಾರಸ್ಥರು ಊರ ನಾಯಿಗಳನ್ನೇ ಸಾಕಿಕೊಂಡಿದ್ದರು. ನನಗೆ ಮಾತ್ರ ನೋಡಿದವರು ನಿಂತಲ್ಲೇ ನಿಲ್ಲಬೇಕು ಅನ್ನುವಂಥದ್ದು ಬೇಕಿತ್ತು. ಹುಬ್ಬಳ್ಳಿಯಿಂದ ಮ್ಯಾಸ್ಟಿಫ್ ಎಂಬ ದೈತ್ಯ ಜಾತಿಯ ಮರಿ ತಂದು 'ದಾದಾ' ಎಂದು ಹೆಸರಿಟ್ಟೆ. ಎರಡು ತಿಂಗಳಿಗೇ ಅದರ ಪಾದ ಚಹಾದ ಬಸಿಯಷ್ಟು ಅಗಲವಿತ್ತು.

ಕಾಕಾ ಮರಿಯ ಬಾಯಿ ತೆರೆದು ನೋಡಿದರು, ಕಾಲೆಲುಬು ಹಿಡಿದು ನೋಡಿದರು. "ತಮ್ಮಾ, ನಿನ್ನಷ್ಟ ತೂಕ ಆಗತೈತಿ ಇದು. ಸಾಕ್ತೀಯೋ ಇಲ್ಲಾ ಬರೇ ಕಟ್ತೀಯೋ?" ಅಂದರು.

"ಸಾಕ್ತೀನ್ರಿ ಕಾಕಾ," ಎಂದೆ. ಸಾಕಿದ್ದು ಅವರು.

ದಿನಾ ಸಂಜೆ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಎಲುಬು ಬಲಿಯುವ ತನಕ ಮೆಟ್ಟಿಲು ಹತ್ತಿಸಬಾರದು, ಉಂಡ ಮೇಲೆ ಓಡಿಸಬಾರದು, ಜೋಳದ ನುಚ್ಚನ್ನು ತಣ್ಣಗೆ ಆರಿಸಿ ಮೂರು ಹೊತ್ತಿಗೆ ಹಂಚಿ ಹಾಕಬೇಕು ಎಂದು ನನಗೆ ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಮುಖದ ನೆರಿಗೆಗಳಲ್ಲಿ ಕೀವಾಗದಂತೆ ತಮ್ಮ ಹಳೆಯ ಧೋತರದ ತುಂಡಿನಿಂದ ಒರೆಸುತ್ತಿದ್ದರು. ಕಲ್ಲಿನ ಮೇಲೆ ಮಲಗಿ ಮೊಣಕೈ ಗಾಯವಾಗುತ್ತದೆಂದು ಗೋಣಿಚೀಲಗಳನ್ನು ಒಂದರ ಮೇಲೊಂದು ಹೊಲಿದು ಹಾಸಿಗೆ ಮಾಡಿದರು. ಕತ್ತಲಾಗುವ ಮುಂಚೆ ಅದನ್ನು ಊರ ಹೊರಗೆ ಅಡ್ಡಾಡಿಸಿ ತಂದು ಕಟ್ಟುತ್ತಿದ್ದರು. ಅವರ ಪಕ್ಕದಲ್ಲಿ ದಾದಾ ಕರುವಿನ ಹಾಗೆ ನಡೆಯುತ್ತಿತ್ತು.

ನನಗೆ ಬೇಕಾಗಿದ್ದ ಆಟ ಬೇರೆ. ನರಗುಂದದಿಂದ ಬೀಗರು ಬಂದರೆ, ಬೇರೆ ಊರಿನ ವ್ಯಾಪಾರಿಗಳು ಬಂದರೆ, ಬೇಕಂತಲೇ ಕೋಲಿನಿಂದ ತಿವಿದು ಬೊಗಳಿಸುತ್ತಿದ್ದೆ. ಅವರು ಹಿಂದೆ ಸರಿದರೆ ನನಗೆ ನಗು. ಒಮ್ಮೆ ಕಾಕಾ ಅದನ್ನು ನೋಡಿ ಕೋಲು ಕಸಿದುಕೊಂಡರು. "ಕಾಯೋದು ಅದರ ರಕ್ತದಾಗ ಐತಿ, ನೀ ಕಲಸಬ್ಯಾಡ. ಸುಮ್ಮನಿರೋದನ್ನ ಕಲಸು. ಆ ಕೆಲಸ ನಮ್ಮದು." ಅಂದು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಯಿಯನ್ನು ಮಾತ್ರ ತಪ್ಪದೆ ಅಡ್ಡಾಡಿಸಿದರು.

ಸರಪಳಿಯ ಕೊಂಡಿ ಬಿರುಕು ಬಿಟ್ಟಿದೆ, ಹೊಸದು ತಾ ಎಂದು ಎರಡು ಸಲ ಹೇಳಿದ್ದರು. ವಾರಕ್ಕೊಮ್ಮೆ ಗಜೇಂದ್ರಗಡಕ್ಕೆ ಹೋಗುತ್ತಿದ್ದೆ, ತರಲಿಲ್ಲ. ಒಂದು ಮುಂಜಾನೆ ಶೇಂಗಾ ಹಸನು ಮಾಡಲು ಬರುತ್ತಿದ್ದ ಹೆಣ್ಣುಮಗಳು ಬುಟ್ಟಿ ಹೊತ್ತು ಒಳಗೆ ಬರುವಾಗ ಕೊಂಡಿ ಮುರಿಯಿತು. ದಾದಾ ಅವಳ ತೋಳು ಹಿಡಿಯಿತು. ಬಿಡಿಸುವಷ್ಟರಲ್ಲಿ ಮಾಂಸ ಕಿತ್ತುಬಂದಿತ್ತು. ಯಾರೋ ಅವಳನ್ನು ದವಾಖಾನೆಗೆ ಒಯ್ಯಲು ಎಬ್ಬಿಸುತ್ತಿದ್ದರು. ನಾನು ಬಗ್ಗಿ, ಮುರಿದ ಕೊಂಡಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

ಜನ ಸೇರಿದರು. ಪೊಲೀಸರೂ ಬಂದರು. "ನಾಯಿ ಕಟ್ಟಿದವ್ರು ಯಾರು?" ಎಂದು ಕೇಳಿದಾಗ ನಾನು, "ಕಂಪೌಂಡರ್ ಕಾಕಾ ಕಟ್ಟಿ ಹೋಗಿದ್ರು ನಿನ್ನಿ ಸಂಜಿ. ಸರಿ ಸಿಗಿಸಿಲ್ಲ ಕಾಣತೈತ್ರಿ," ಎಂದೆ.

ಸುದ್ದಿ ಕೇಳಿ ಓಡಿಬಂದಿದ್ದ ಕಾಕಾ ಗುಂಪಿನಲ್ಲೇ ನಿಂತಿದ್ದರು. ನನ್ನನ್ನು ನೋಡಿದರು. "ಹೌದ್ರಿ, ಕಟ್ಟಿದಾಂವ ನಾನ," ಎಂದರು. ಅಷ್ಟೇ.

ನಾಯಿಯನ್ನು ಕೊಲ್ಲಬೇಕೆಂದು ಜನ ಹಟ ಹಿಡಿದರು. ಆ ಮಧ್ಯಾಹ್ನ ನಾನು ಅವರ ಮನೆಗೇ ಹೋಗಿ, "ನೀವ ಒಂದ್ ಸೂಜಿ ಹಾಕಿಬಿಡ್ರಿ ಕಾಕಾ," ಎಂದೆ.

"ಅದನ್ನೂ ನನ್ನ ಕೈಲೇ ಮಾಡಸ್ತಿಯೇನೋ?"

ಮರುದಿನ ಟೆಂಪೋ ತಂದು ದಾದಾನನ್ನು ಶಿರೋಳದಲ್ಲಿದ್ದ ತಮ್ಮ ಅಳಿಯನ ಹೊಲಕ್ಕೆ ಒಯ್ದರು. ನಾಲ್ಕು ವರ್ಷ ರೋಣದಿಂದ ಹೋಗಿಬಂದು ಅಲ್ಲೇ ಸಾಕಿದರು. ಕಡೆಗಾಲಕ್ಕೆ ಅದರ ಹಿಂಗಾಲು ಬಿದ್ದುಹೋದಾಗ ಹೊಟ್ಟೆಯ ಕೆಳಗೆ ಧೋತರ ಹಾಕಿ ಎತ್ತಿ ನಿಲ್ಲಿಸುತ್ತಿದ್ದರಂತೆ. ಅಷ್ಟು ದೊಡ್ಡ ನಾಯಿ, ಆ ವಯಸ್ಸಿನಲ್ಲಿ! ಇದನ್ನೆಲ್ಲ ನಾನು ಕೇಳಿ ತಿಳಿದದ್ದು. ಒಂದು ಸಲವೂ ಶಿರೋಳಕ್ಕೆ ಹೋಗಲಿಲ್ಲ. ರೋಣದಲ್ಲಿ ಅವರಿಗೆ 'ನಾಯಿ ಬಿಟ್ಟ ಕಂಪೌಂಡರ್' ಎಂದು ಹೆಸರು ಬಿತ್ತು. ಜಡ್ಡಾಗಿ ಮಲಗಿದ ಎಮ್ಮೆ ನೋಡಲು ಅವರನ್ನು ಯಾರೂ ಕರೆಯದಂತಾಯಿತು. ದಾರಿಯಲ್ಲಿ ಸಿಕ್ಕರೆ, "ಹ್ಯಾಂಗ ಅದಿ ತಮ್ಮಾ?" ಎಂದು ಅವರೇ ಕೇಳುತ್ತಿದ್ದರು, ಕೇಳಿ ಒಂದು ಗಳಿಗೆ ನಿಲ್ಲುತ್ತಿದ್ದರು. ನಾನು ಚಲೋ ಅದೀನಿ ಎಂದು ಗಾಡಿ ಚಾಲೂ ಮಾಡುತ್ತಿದ್ದೆ.

ದಾದಾ ಸತ್ತ ಮರುವರ್ಷ ಕಾಕಾ ತೀರಿಹೋದರು. ಮಣ್ಣಿಗೆ ಹೋದಾಗ ಅವರ ಪಡಸಾಲೆಯಲ್ಲಿ ಆ ಹೆಣ್ಣುಮಗಳು ಅಳುತ್ತ ಕೂತಿದ್ದಳು. ನಾಯಿ ಕಡಿದದ್ದಕ್ಕೆ ಅವಳಿಗೆ ಹಾಕಿದ ಪ್ರತಿ ಸೂಜಿಗೂ ದವಾಖಾನೆಗೆ ಕಾಕಾನೇ ಜೊತೆಗೆ ಹೋಗಿದ್ದರೆಂದು ಅಂದೇ ನನಗೆ ಗೊತ್ತಾಗಿದ್ದು. ನನ್ನನ್ನು ಕಂಡು ಎದ್ದು ಬಂದಳು.

"ನೀವು ಕೊಂಡಿ ಕಿಸೇಕ ಹಾಕ್ಕೊಂಡಿದ್ದು ನಾ ನೋಡೇನ್ರಿ ಸಾವ್ಕಾರ್ರ. ಪೊಲೀಸ್ರ ಮುಂದ ಹೇಳ್ತೀನಿ ಅಂದೆ. ಕಾಕಾರು ಬ್ಯಾಡ ಅಂದ್ರು. 'ಅಂವಾ ಕೆಟ್ಟಾಂವ ಅಲ್ಲ, ಹೆದರ್ಯಾನ. ಇವತ್ತಿಲ್ಲಾ ನಾಳಿ ತಾನ ಹೇಳ್ತಾನ' ಅಂದ್ರು."

ಅಷ್ಟು ವರ್ಷ ಅವರು ದಾರಿಯಲ್ಲಿ ನಿಂತು ಕಾಯುತ್ತಿದ್ದದ್ದು ಅದಕ್ಕೆ.

ಮಣ್ಣು ಮುಗಿಸಿ ಬರುವಾಗ ಓಣಿಯ ಹಿರಿಯರನ್ನು ನಿಲ್ಲಿಸಿ ಎಲ್ಲ ಹೇಳಿದೆ. ಕೊಂಡಿ ಮುರಿದದ್ದು, ಅದನ್ನು ನಾನು ಮುಚ್ಚಿಟ್ಟದ್ದು, ಸುಳ್ಳು ಹೇಳಿದ್ದು. ಅವರು ತಲೆಯಾಡಿಸುತ್ತ ಕೇಳಿದರು. ಒಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಸತ್ತವ್ರ ಹೆಸರು ಕೆಡಬಾರ್ದಂತ ತಪ್ಪು ನಿಮ್ಮ ಮೈಮ್ಯಾಲೆ ಹಾಕ್ಕೊಳ್ಳಾಕತ್ತೀರಿ. ಭಾಳ ದೊಡ್ಡ ಮನಸರಿ ನಿಮ್ದು," ಎಂದರು.

"ಇಲ್ರಿ, ಖರೇನ ಹೇಳಾಕತ್ತೀನಿ," ಎಂದೆ.

"ಇರ್ಲಿ ಬಿಡ್ರಿ," ಎಂದು ಅವರು ಬೆನ್ನು ತಟ್ಟಿ ಮುಂದೆ ನಡೆದರು.